ದೇವರ ಪ್ರೀತಿ ಮತ್ತು ನಮ್ಮ ಊಟದ ತಟ್ಟೆ

(ಹಾಸ್ಟೆಲು ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಹೆಚ್ಚುಕಡಿಮೆ ಆಡಿದ ಹಾಗೆಯೇ ಬರೆದಿದ್ದೇವೆ.)

ಈ ಗೋಷ್ಠಿಗೆ ಶಿಬಿರದ ಸಂಚಾಲಕರು ನಮಗೆ ಕೊಟ್ಟಿರೋ ವಿಷಯ 'ಕ್ರೈಸ್ತರ ದಿನನಿತ್ಯದ ಬದುಕಿನಲ್ಲಿ ದೇವರ ಪ್ರೀತಿ'. ವಿಷಯದ ಹೆಸರು ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ನಮಗೆ ಬೇಜಾರಿಲ್ಲ. ನಗಬೇಕಾದ್ದೇ. ನಮ್ಮ ಕೇರಿಗಳಿಗೆ ಬಂದು ಪ್ರೀತಿ, ಕರುಣೆ, ದಯೆ ಅಂತ ಮಾತಾಡಿದವರು ಎಷ್ಟು ಜನ! ಮಾತು ಮುಗಿದ ಮೇಲೆ ನಮ್ಮ ಮನೆಯ ನೀರು ಕುಡಿದು ಹೋದವರು ಎಷ್ಟು ಜನ? ಪ್ರೀತಿ ಅನ್ನೋ ಶಬ್ದವನ್ನ ನಮ್ಮ ಜನ ಅನುಮಾನದಿಂದ ನೋಡೋದಕ್ಕೆ ಕಾರಣ ಇದೆ.

ಮೊದಲೇ ಒಂದು ಹೇಳಿಬಿಡ್ತೇವೆ. ನಾವಿಲ್ಲಿ ಮತಪ್ರಚಾರಕ್ಕೆ ಬಂದಿಲ್ಲ. ನಿಮ್ಮಲ್ಲಿ ಬುದ್ಧನಿಗೆ ಶರಣು ಹೋದವರಿದ್ದೀರಿ, ಮಾರಮ್ಮನ ಒಕ್ಕಲಿನವರಿದ್ದೀರಿ, ಯಾವ ದೇವರ ಸಹವಾಸವೂ ಬೇಡ ಅನ್ನೋರಿದ್ದೀರಿ. ನಮ್ಮ ಹಾಗೆ ಯೇಸುವಿನ ಹೆಸರು ಹೇಳೋ ಮನೆಗಳಿಂದ ಬಂದವರೂ ನಾಲ್ಕೈದು ಜನ ಇರಬಹುದು. ಯಾರು ಅಂತ ಕೈ ಎತ್ತಿಸೋದಿಲ್ಲ. ಕೈ ಎತ್ತೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು. ನಾವು ಎರಡು ಹೆಸರಿನ ಜನ. ಸ್ಕೂಲಿನ ದಾಖಲೆಯಲ್ಲಿ ಒಂದು, ಚರ್ಚಿನ ಪುಸ್ತಕದಲ್ಲಿ ಇನ್ನೊಂದು. ಸ್ಕಾಲರ್‌ಶಿಪ್ಪಿನ ಫಾರಂ ತುಂಬುವಾಗ ಪೆನ್ನು ಹಿಡಿದ ಕೈ ಒಂದು ಗಳಿಗೆ ನಿಲ್ಲುತ್ತೆ. ಆ ಗಳಿಗೆ ಏನು ಅಂತ ಗೊತ್ತಿರೋರಿಗೆ ಗೊತ್ತು.

ಆ ಪೆನ್ನು ಹಾಗೆ ನಿಲ್ಲೋದಕ್ಕೆ ಕಾರಣ 1950ರ ರಾಷ್ಟ್ರಪತಿಯವರ ಆದೇಶ. ಪರಿಶಿಷ್ಟ ಜಾತಿಯವರು ಹಿಂದೂಗಳಾಗಿದ್ದರೆ ಮಾತ್ರ ಪರಿಶಿಷ್ಟ ಜಾತಿ ಅಂತ ಅದು ಹೇಳಿತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರನ್ನೂ ಮುಸಲ್ಮಾನರನ್ನೂ ಹೊರಗೇ ಬಿಟ್ಟರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಅನ್ನೋರ ಮೊಕದ್ದಮೆ ನೀವು ಓದಬೇಕು. 1982ರಲ್ಲಿ ತಮಿಳುನಾಡು ಸರ್ಕಾರ ಚಮ್ಮಾರರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಟ್ಟಿತು. ಸೂಸೈಗೆ ಕೊಡಲಿಲ್ಲ. ಯಾಕಪ್ಪ ಅಂದರೆ ಅವರು ಕ್ರೈಸ್ತರು. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ, ಅದೇ ಬಿಸಿಲು. 1985ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿ ವಜಾ ಮಾಡಿತು. ಮತಾಂತರದ ನಂತರವೂ ಹೊಸ ಧರ್ಮದೊಳಗೆ ಜಾತಿಯ ನೋವು ಅಷ್ಟೇ ತೀವ್ರವಾಗಿ ಉಳಿದಿದೆ ಅನ್ನೋದಕ್ಕೆ ಆಧಾರ ತಂದಿಲ್ಲ ಅಂದಿತು.

ಆಧಾರ! ತಿರುಚ್ಚಿರಾಪಳ್ಳಿಯ ಮೇಲಪುದೂರಿನ ಹಳೇ ಕಥೊಲಿಕ ಸ್ಮಶಾನದಲ್ಲಿ ಹೆಣಗಳ ನಡುವೆ ಗೋಡೆ ಎಬ್ಬಿಸಿದ್ದರು. ಒಂದು ಕಡೆ ಮೇಲುಜಾತಿ ಕ್ರೈಸ್ತರ ಸಮಾಧಿ, ಇನ್ನೊಂದು ಕಡೆ ನಮ್ಮವರದು. ಸತ್ತ ಮೇಲೂ ಸೋಕಬಾರದು. ಸರ್ಕಾರ ಹೇಳುತ್ತೆ, ಕ್ರೈಸ್ತರಲ್ಲಿ ಜಾತಿ ಇಲ್ಲ. ಸ್ಮಶಾನದ ಗೋಡೆ ಹೇಳುತ್ತೆ, ಇದೆ. ನಡುವೆ ನಿಂತವನಿಗೆ ಪುಲ್ಪಿಟ್ಟಿನಿಂದ ಕೇಳಿಸುತ್ತೆ, ದೇವರು ನಿಮ್ಮನ್ನ ಪ್ರೀತಿಸ್ತಾನೆ.

ಹಾಗಾದರೆ ಈ ಪ್ರೀತಿ ಅಂದರೆ ಏನು? ಹೊಸ ಒಡಂಬಡಿಕೆ ಬರೆದದ್ದು ಗ್ರೀಕಿನಲ್ಲಿ. ಗ್ರೀಕಿನಲ್ಲಿ ಪ್ರೀತಿಗೆ ಒಂದಕ್ಕಿಂತ ಹೆಚ್ಚು ಶಬ್ದ ಇವೆ. ಗಂಡು ಹೆಣ್ಣಿನ ಸೆಳೆತಕ್ಕೆ ಎರೋಸ್ ಅಂತಾರೆ. ಗೆಳೆತನಕ್ಕೆ ಫಿಲಿಯ ಅಂತಾರೆ. ದೇವರ ಪ್ರೀತಿಗೆ ಆ ಪುಸ್ತಕದವರು ಹೆಚ್ಚಾಗಿ ಹಿಡಿದ ಶಬ್ದ ಅಗಾಪೆ. ಇದು ಎದೆಯಲ್ಲಿ ತಾನಾಗಿ ಉಕ್ಕೋ ಭಾವನೆ ಅಲ್ಲ. ಎದುರಿಗಿರೋನು ನಮಗೆ ಇಷ್ಟವಾಗಲಿ ಬಿಡಲಿ, ಅವನ ಒಳ್ಳೇದನ್ನ ಬಯಸಿ ನಡೆಯೋದು. ಮಳೆ ತಾನಾಗಿ ಬರುತ್ತೆ, ನೇಗಿಲು ತಾನಾಗಿ ಹೋಗಲ್ಲ. ಅಗಾಪೆ ನೇಗಿಲಿನ ಜಾತಿಗೆ ಸೇರಿದ್ದು. ದಿನಾ ಎತ್ತಿ ಹೂಡಬೇಕು.

ಕ್ರೈಸ್ತರ ಮದುವೆಗೆ ಹೋಗಿದ್ದರೆ ನೀವು ಕೇಳಿರ್ತೀರಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ ಓದ್ತಾರೆ. ಪ್ರೀತಿಯ ಅಧ್ಯಾಯ ಅಂತಲೇ ಅದಕ್ಕೆ ಹೆಸರು. ಹೂವು, ಗೌನು, ಕೇಕು, ಪ್ರೀತಿ. ಆದರೆ ಅದೇ ಪತ್ರದಲ್ಲಿ ಎರಡು ಅಧ್ಯಾಯ ಹಿಂದಕ್ಕೆ ಹೋಗಿ ನೋಡಿ. ಕೊರಿಂಥದ ಸಭೆಯವರು ಕರ್ತನ ಭೋಜನಕ್ಕೆ ಸೇರುತ್ತಿದ್ದರು. ಉಳ್ಳವರು ತಾವು ತಂದದ್ದನ್ನ ಮುಂಚೇನೇ ತಿಂದು ಕುಡಿದು ಅಮಲೇರಿ ಕೂತಿರ್ತಿದ್ದರು, ಇಲ್ಲದವರು ಹಸಿದುಕೊಂಡು ನಾಚಿಕೆಯಿಂದ ನೋಡ್ತಿದ್ದರು. ಪೌಲ ಉರಿದುಬಿದ್ದದ್ದು ಅದಕ್ಕೆ. ಪ್ರೀತಿಯ ಆ ದೊಡ್ಡ ಮಾತುಗಳನ್ನ ಅವನು ಬರೆದದ್ದು ಮದುವಣಗಿತ್ತಿಗಲ್ಲ, ಊಟದ ಪಂಕ್ತಿಯಲ್ಲಿ ಭೇದ ಮಾಡಿದವರಿಗೆ. ಇದನ್ನ ನಮಗೆ ಯಾವ ಪಾದ್ರಿಯೂ ಹೇಳಿರಲಿಲ್ಲ. ನಾವೇ ಹಾಸ್ಟೆಲಿನ ಮಂಚದ ಮೇಲೆ ಮಲಗಿ ಓದುವಾಗ ಕಂಡದ್ದು.

ಇನ್ನೊಂದು ಪಂಕ್ತಿ ಇದೆ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಅಂತಿಯೋಕ್ಯ ಅನ್ನೋ ಪಟ್ಟಣದಲ್ಲಿ ಯೆಹೂದ್ಯರು, ಯೆಹೂದ್ಯರಲ್ಲದವರು ಇಬ್ಬರೂ ಸೇರಿದ ಸಭೆ ಇತ್ತು. ಯೆಹೂದ್ಯರ ಕಟ್ಟುನಿಟ್ಟಿನವರು ಹೊರಗಿನವರ ಜೊತೆ ಕೂತು ಊಟ ಮಾಡೋ ಹಾಗಿಲ್ಲ. ಮೈಲಿಗೆ. ಆದರೂ ಪೇತ್ರ, ಯೇಸುವಿನ ಶಿಷ್ಯರಲ್ಲಿ ದೊಡ್ಡವನು, ಅವರ ಜೊತೆ ಕೂತು ಉಣ್ತಿದ್ದ. ಚೆನ್ನಾಗೇ ನಡೀತಿತ್ತು. ಒಂದು ದಿನ ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಒಂದಷ್ಟು ಜನ ಬಂದರು. ನಮ್ಮ ಮಾತಿನಲ್ಲಿ ಹೇಳೋದಾದರೆ, ಊರ ಕಡೆಯೋರು ಬಂದರು. ಪೇತ್ರ ಏನು ಮಾಡಿದ? ಮೆಲ್ಲಗೆ ಪಂಕ್ತಿಯಿಂದ ಎದ್ದ. ಅವನನ್ನ ನೋಡಿ ಉಳಿದವರೂ ಎದ್ದರು. ಬಾರ್ನಬನೂ ಎದ್ದ. ಯಾರೂ ಜಗಳ ಆಡಲಿಲ್ಲ, ಯಾರೂ ಯಾರನ್ನೂ ಬೈಯಲಿಲ್ಲ, ಬರೀ ಎದ್ದರು. ಎದ್ದು ಹೋದವರ ಮುಂದಿನ ತಟ್ಟೆ ಹಾಗೇ, ಕೂತವರ ಕೈಯಲ್ಲಿ ತುತ್ತು ಹಾಗೇ. ಆ ಕೂತವರ ಮುಖ ಹೇಗಿತ್ತು ಅಂತ ಪುಸ್ತಕ ಹೇಳಲ್ಲ. ನಮಗೆ ಯಾರೂ ಹೇಳಬೇಕಾಗಿಲ್ಲ, ಅಲ್ವ?

ಪೌಲ ಸುಮ್ಮನಿರಲಿಲ್ಲ. ಎಲ್ಲರ ಎದುರಿಗೇ ಪೇತ್ರನನ್ನ ತರಾಟೆಗೆ ತಗೊಂಡ. ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಇದೆಲ್ಲ ಅವನೇ ಬರೆದಿದ್ದಾನೆ. ಪೇತ್ರ ಕೆಟ್ಟವನಲ್ಲ. ಅವನಿಗೆ ಹೆದರಿಕೆ. ತನ್ನ ಕಡೆಯೋರು ಏನಂತಾರೋ ಅನ್ನೋ ಹೆದರಿಕೆ. ನಮ್ಮ ದೇಶದಲ್ಲಿ ಜಾತಿಯನ್ನ ಉಳಿಸಿರೋದರಲ್ಲಿ ದ್ವೇಷದ ಪಾಲು ಎಷ್ಟೋ ಈ ಹೆದರಿಕೆಯ ಪಾಲೂ ಅಷ್ಟೇ ಅಂತ ನಮಗೆ ಅನ್ನಿಸುತ್ತೆ.

ಬಾವಿಯ ಕಥೆ ನಿಮಗೆ ಗೊತ್ತಿರಬಹುದು. ಸಮಾರ್ಯದ ಒಂದು ಊರಿನ ಹೊರಗೆ ಯೇಸು ದಣಿದು ಬಾವಿ ಕಟ್ಟೆ ಮೇಲೆ ಕೂತಿದ್ದ. ಅಲ್ಲಿಗೆ ಬಂದ ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳಿದ. ಅವನ ಜನ ಅವಳ ಜನದ ಪಾತ್ರೆ ಮುಟ್ಟೋರಲ್ಲ. ಆಕೆಗೇ ಆಶ್ಚರ್ಯ. ಗಮನಿಸಿ, ಅವನ ಹತ್ತಿರ ಸೇದೋಕೆ ಏನೂ ಇರಲಿಲ್ಲ. ಕುಡಿಯೋದಾದರೆ ಅವಳ ಕೊಡದಿಂದಲೇ ಕುಡೀಬೇಕು. ಅವನು ಕೊಟ್ಟು ದೊಡ್ಡವನಾಗಲಿಲ್ಲ, ಕೇಳಿ ಸಮನಾದ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿದರಲ್ಲ, ಆ ಚಿತ್ರದ ಪಕ್ಕದಲ್ಲಿ ನಾವು ಈ ಬಾವಿಯನ್ನ ಇಟ್ಟು ನೋಡ್ತೇವೆ.

ಸರಿ, ನಮ್ಮ ನೆಲಕ್ಕೆ ಬರೋಣ. ದಕ್ಷಿಣದ ಸಭೆಗಳಲ್ಲಿ ಜಾತಿಗೊಂದು ಕೂರುವ ಜಾಗ, ಕರ್ತನ ಭೋಜನದಲ್ಲಿ ಮೊದಲು ಯಾರು ಆಮೇಲೆ ಯಾರು ಅನ್ನೋದು ಬಹಳ ಕಾಲ ನಡೆದುಬಂತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನ ಬಿಡಲೇಬೇಕು ಅಂತ ಪತ್ರ ಬರೆದರು. ತಂಜಾವೂರಿನಲ್ಲಿ, ಮದರಾಸಿನ ವೇಪೇರಿಯಲ್ಲಿ ಜಾತಿಯನ್ನ ಬಿಡಲಾರದೆ ಬಹಳ ಮಂದಿ ಸಭೆಯನ್ನೇ ಬಿಟ್ಟರು. ಆಮೇಲೆ ಮದುರೆಯ ಅಮೆರಿಕನ್ ಮಿಷನ್ನಿನವರು 1840ರ ದಶಕದ ಕೊನೆಯಲ್ಲಿ ಒಂದು ಪರೀಕ್ಷೆ ಇಟ್ಟರು. ಮಿಷನ್ನಿನ ಕೆಲಸದಲ್ಲಿರೋ ಉಪದೇಶಿಗಳು ಕೀಳುಜಾತಿ ಅನ್ನಿಸಿಕೊಂಡವರು ಮಾಡಿದ ಅಡುಗೆ ಉಣ್ಣಬೇಕು. ಅದಕ್ಕೆ ಅವರು ಕೊಟ್ಟ ಹೆಸರು ಪ್ರೇಮಭೋಜನ. ಉಪದೇಶಿಗಳಲ್ಲೇ ಅನೇಕರು ಉಣ್ಣಲಿಲ್ಲ. ವರ್ಷಗಟ್ಟಲೆ ಪ್ರೀತಿಯ ಮೇಲೆ ಪ್ರಸಂಗ ಮಾಡಿದವರು, ಒಂದು ತುತ್ತು ಅನ್ನ ನುಂಗಲಾರದೆ ಹೋದರು! ಸಂಬಳ ಹಿಡಿದು ಉಣ್ಣಿಸೋ ಪ್ರೀತಿ ಎಂಥ ಪ್ರೀತಿ ಅಂತ ನೀವು ಕೇಳಬಹುದು. ಕೇಳೋದು ಸರಿ. ಆದರೆ ಆ ದೊರೆಗಳಿಗೆ ಎಲ್ಲಿ ಮುಟ್ಟಿ ನೋಡಬೇಕು ಅನ್ನೋದು ಗೊತ್ತಾಗಿತ್ತು. ಪ್ರಾರ್ಥನೆಯಲ್ಲಿ ಜಾತಿ ಕಾಣಲ್ಲ, ತಟ್ಟೆಯಲ್ಲಿ ಕಾಣುತ್ತೆ.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2016ರ ಡಿಸೆಂಬರಿನಲ್ಲಿ ಭಾರತದ ಕಥೊಲಿಕ ಬಿಷಪರ ಮಂಡಳಿ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಒಪ್ಪಿಕೊಂಡು ದಲಿತರ ಬಗ್ಗೆ ನೀತಿ ಹೊರಡಿಸಿತು. ಒಪ್ಪಿಕೊಳ್ಳೋಕೆ ಇಷ್ಟು ಕಾಲ ಬೇಕಾಯ್ತು.

ಬಾಬಾಸಾಹೇಬರು ಕ್ರೈಸ್ತರನ್ನ ಕೇಳಿದ ಪ್ರಶ್ನೆ ಇನ್ನೂ ಖಾರವಾದದ್ದು. ಮತಾಂತರವಾದ ನಮ್ಮವನಿಗೆ, ನಿನ್ನ ಕಷ್ಟಕ್ಕೆ ಕಾರಣ ನಿನ್ನ ಪಾಪ ಅಂತ ಕಲಿಸಿದರೆ ಅವನು ಸಮಾಜದ ಅನ್ಯಾಯದ ವಿರುದ್ಧ ಯಾಕೆ ಎದ್ದಾನು, ಅನ್ನೋದು ಅವರ ತರ್ಕ. ಇದಕ್ಕೆ ನಮ್ಮ ಸಭೆಗಳು ಉತ್ತರ ಕೊಟ್ಟಿಲ್ಲ. ಕೊಡೋಕೆ ನೋಡಿದವರು ಕೆಲವರಿದ್ದಾರೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಅನ್ನೋದು ಶುರುವಾಯ್ತು ಅಂತಾರೆ. ಮೇಲಿನವರ ತತ್ವಜ್ಞಾನದ ಕನ್ನಡಕ ತೆಗೆದು ನಮ್ಮ ನೋವಿನ ಕಣ್ಣಿಂದ ಸತ್ಯವೇದ ಓದೋದು ಅದರ ಕೆಲಸ. ಆ ಪುಸ್ತಕಗಳು ಲೈಬ್ರರಿಯಲ್ಲಿವೆ. ಕೇರಿಗೆ ಇನ್ನೂ ಬಂದಿಲ್ಲ.

ಈಗ ನಮ್ಮ ತಪ್ಪಿನ ಕಥೆ. ಇದನ್ನ ಹೇಳದೆ ಪೇತ್ರನ ಮೇಲೆ ಮಾತಾಡೋ ಹಕ್ಕು ನಮಗಿಲ್ಲ.

ಒಂದೇ ಕೇರಿಯ ನಾವು ಮೂರು ಜನ ಪಿಯುಸಿಗೆ ಅಂತ ಒಂದು ಪಟ್ಟಣದ ಹಾಸ್ಟೆಲಿಗೆ ಸೇರಿದೆವು. ನಮ್ಮದು ಬಲಗೈ. ಹಾಸ್ಟೆಲಿನ ಮೆಸ್ಸಿನಲ್ಲಿ ಬಲಗೈ ಹುಡುಗರು ಕಿಟಕಿ ಕಡೆ ಕೂರ್ತಿದ್ದರು, ಎಡಗೈ ಹುಡುಗರು ಕೈ ತೊಳೆಯೋ ತೊಟ್ಟಿ ಕಡೆ. ವಾರ್ಡನ್ ಹೇಳಿದ್ದಲ್ಲ, ಬೋರ್ಡು ಹಾಕಿದ್ದಲ್ಲ. ಕಾಲು ತಾನೇ ಹೋಗ್ತಿತ್ತು. ಒಬ್ಬ ಹುಡುಗ ಮಾತ್ರ ಎರಡೂ ಕಡೆಗೆ ಸಲ್ಲದೆ ಬಾಗಿಲ ಹತ್ತಿರ ಕೂರ್ತಿದ್ದ. ಅವನ ಅಪ್ಪ ಅವ್ವ ಪುರಸಭೆಯಲ್ಲಿ ಕಕ್ಕಸು ತೊಳೆಯೋರು. ಅವನು ಕುಡಿದ ಲೋಟ ಯಾರೂ ಮುಟ್ಟುತ್ತಿರಲಿಲ್ಲ. ಎಲ್ಲಾ ಲೋಟಾನೂ ಒಂದೇ ಥರ ಇದ್ದದ್ದರಿಂದ ನಾವು ಮೂವರು ನಮ್ಮ ಲೋಟದ ತಳಕ್ಕೆ ಮೊಳೆಯಲ್ಲಿ ಗೀರಿ ಗುರುತು ಹಾಕಿಕೊಂಡಿದ್ದೆವು. ಏನು ಗುರುತು ಅಂತೀರಿ? ಶಿಲುಬೆ.

ಒಂದು ಭಾನುವಾರ ಪಟ್ಟಣದ ಚರ್ಚಿನಿಂದ ವಾಪಸು ಬಂದು ಜಗಲಿ ಮೇಲೆ ಕೂತು ಕೂಗಾಡ್ತಿದ್ದೆವು. ಅವತ್ತು ಆ ಚರ್ಚಿನಲ್ಲಿ ನಾವು ಮುಂದಿನ ಬೆಂಚಿನಲ್ಲಿ ಕೂತಾಗ ಒಬ್ಬ ಹಿರಿಯರು ಬಂದು, ನಿಮ್ಮ ಕಡೆಯೋರು ಹಿಂದೆ ಕೂತಿದಾರಲ್ಲಪ್ಪ, ಅಲ್ಲಿ ಹೋಗಿ ಅಂದಿದ್ದರು. ಬಹಳ ಮೃದುವಾಗಿಯೇ ಅಂದಿದ್ದರು. ಚಿನ್ನದುಂಗುರದವನಿಗೆ ಒಳ್ಳೆ ಜಾಗ ಕೊಟ್ಟು ಬಡವನನ್ನ ಕಾಲ ಬುಡಕ್ಕೆ ಕೂರಿಸೋದು ಪಾಪ ಅಂತ ಯಾಕೋಬನ ಪತ್ರದಲ್ಲೇ ಇದೆ, ಇವರು ಅದನ್ನೇ ಓದಲ್ವ ಅಂತ ನಾವು ಕಿರುಚ್ತಿದ್ದೆವು. ಆ ಹುಡುಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ಕೇಳಿದ: "ಅಣ್ಣ, ನಿಮ್ ಲೋಟಕ್ಕೆ ಯಾಕಣ್ಣ ಗುರುತು ಹಾಕೀರಿ?"

ನಾವು ಅವನಿಗೆ ಬೈದೆವು. ಹೌದು ಗೆಳೆಯರೆ, ಮೊದಲು ಬಂದದ್ದು ಪಶ್ಚಾತ್ತಾಪ ಅಲ್ಲ, ಸಿಟ್ಟು. ಒಂದು ತಿಂಗಳು ಆ ಪ್ರಶ್ನೆ ನಮ್ಮ ನಡುವೆ ಹಾಗೇ ಬಿದ್ದಿತ್ತು. ಕಡೆಗೆ ನಮ್ಮಲ್ಲೊಬ್ಬ ಒಂದು ರಾತ್ರಿ ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲ ಹತ್ತಿರ ಕೂತ. ಉಳಿದಿಬ್ಬರು ಮಾರನೇ ದಿನ ಹೋದೆವು. ಅವನೇನು ಸಂತೋಷಪಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಇವತ್ತು ಕುಂತು ನಾಳೆ ಎದ್ದೋಗೋದಾದ್ರೆ ಕುಂತ್ಕೋಬ್ಯಾಡಿ" ಅಂದ. ಅಂತಿಯೋಕ್ಯದ ಪಂಕ್ತಿಯ ಕಥೆ ಅವನಿಗೆ ಗೊತ್ತಿರಲಿಲ್ಲ.

ಮಾರನೇ ದಿನವೂ ಕೂರಬೇಕಾಯ್ತು. ಅದರ ಮಾರನೇ ದಿನವೂ. ನಿಜ ಹೇಳ್ತೇವೆ, ಮೊದಲ ವಾರ ಅನ್ನ ಗಂಟಲಲ್ಲಿ ಇಳೀಲಿಲ್ಲ. ನಮ್ಮ ಹುಡುಗರೇ ನಮ್ಮ ಜೊತೆ ಮಾತು ಬಿಟ್ಟರು. ಅವನ ಮೇಲೆ ನಮಗೆ ಪ್ರೀತಿ ಉಕ್ಕಿತೋ ಅಂದರೆ ಅದೂ ಇಲ್ಲ. ಅವನು ಬಹಳ ಜಗಳಗಂಟ, ಸೋಪು ಕೇಳಿ ಇಸ್ಕೊಂಡರೆ ವಾಪಸು ಕೊಡೋನಲ್ಲ. ಇಷ್ಟ ಆಗದೆಯೂ ಪಕ್ಕದಲ್ಲಿ ಕೂರಬಹುದು ಅನ್ನೋದನ್ನ ನಾವು ಕಲಿತದ್ದು ಅಲ್ಲೇ. ಲೋಟದ ಗುರುತು ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಡೆಗೆ ಆ ಮೂರು ಲೋಟ ಎಲ್ಲಾ ಲೋಟದ ಜೊತೆ ಬೆರೆಸಿಬಿಟ್ಟೆವು, ಯಾರ ಕೈಗೆ ಯಾವುದು ಬರುತ್ತೋ ಬರಲಿ ಅಂತ.

ರಜಕ್ಕೆ ಊರಿಗೆ ಹೋದಾಗ ಸುದ್ದಿ ಮುಂಚೇನೇ ಮುಟ್ಟಿತ್ತು. ಚರ್ಚಿನಲ್ಲಿ ಜೀವಮಾನವೆಲ್ಲ ನೆಲದ ಮೇಲೆ ಕೂತ ನಮ್ಮ ಅವ್ವಂದಿರು ಕೇಳಿದ್ದು, "ಅವರ ಮನೇಲೂ ಉಂಡ್ಯೇನ್ಲಾ?" ಇಲ್ಲ ಕಣವ್ವ ಅಂದೆವು. ಅದು ಸತ್ಯ. ಅವನ ಮನೆ ಹಾಸ್ಟೆಲಿನಿಂದ ಎರಡು ಬೀದಿ ಆಚೆ ಇತ್ತು. ಎರಡು ವರ್ಷದಲ್ಲಿ ಒಂದು ಸಲವೂ ನಾವು ಹೋಗಲಿಲ್ಲ. ಅವನು ಕರೆದೂ ಇದ್ದ. ಪರೀಕ್ಷೆ ಪಾಸಾಗದೆ ಅವನು ಅಪ್ಪನ ಕೆಲಸಕ್ಕೆ ಹೋದ, ನಾವು ಡಿಗ್ರಿಗೆ ಬೇರೆ ಊರಿಗೆ ಹೋದೆವು.

ನೀವು ಈಗ ಕೇಳೋ ಪ್ರಶ್ನೆ ನಮಗೆ ಗೊತ್ತು. ಪಕ್ಕದ ಹುಡುಗನ ಜೊತೆ ಕೂರೋದು ಸರಿ, ಗದ್ದೆಯಲ್ಲಿ ನಮ್ಮಪ್ಪನಿಗೆ ಒದ್ದ ಗೌಡನನ್ನೂ ಪ್ರೀತಿಸಬೇಕೇನ್ರಿ? ಇದಕ್ಕೆ ನಾವು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ತಿರ ಹೋಗ್ತೇವೆ. 1959ರಲ್ಲಿ ಅವರು ಭಾರತಕ್ಕೆ ಬಂದಿದ್ದಾಗ ತಿರುವನಂತಪುರದ ಒಂದು ಶಾಲೆಗೆ, ನಿಮ್ಮಂಥ ಮಕ್ಕಳೇ ಓದ್ತಿದ್ದ ಶಾಲೆಗೆ, ಹೋಗಿದ್ದರಂತೆ. ಅಲ್ಲಿನ ಹೆಡ್‌ಮಾಸ್ಟರು, ಇವರು ಅಮೆರಿಕದ ಅಸ್ಪೃಶ್ಯರು ಅಂತ ಪರಿಚಯ ಮಾಡಿಸಿದರಂತೆ. ಮೊದಲು ಅವರಿಗೆ ಕಸಿವಿಸಿಯಾಯ್ತು. ಆಮೇಲೆ ತಮ್ಮ ಕರಿಯ ಜನರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರು. 1965ರ ಒಂದು ಪ್ರಸಂಗದಲ್ಲಿ ಇದನ್ನ ಅವರೇ ಹೇಳಿಕೊಂಡಿದ್ದಾರೆ.

ಮಾಂಟ್‌ಗೊಮೆರಿಯಲ್ಲಿ ಬಸ್ಸಿನ ಬಹಿಷ್ಕಾರ ನಡೀತಿದ್ದಾಗ, 1956ರ ಜನವರಿ 30ರಂದು, ಅವರ ಮನೆಗೆ ಬಾಂಬು ಹಾಕಿದರು. ಒಳಗೆ ಹೆಂಡತಿ, ಎರಡು ತಿಂಗಳ ಕೂಸು. ಪುಣ್ಯಕ್ಕೆ ಏನೂ ಆಗಲಿಲ್ಲ. ಸಿಟ್ಟಿನಿಂದ ಸೇರಿದ ಕರಿಯರನ್ನ ಕಿಂಗ್ ಜಗಲಿ ಮೇಲೆ ನಿಂತು ಸಮಾಧಾನ ಮಾಡಿ ಕಳಿಸಿದರು, ವೈರಿಗಳನ್ನ ಪ್ರೀತಿಸಿ ಅಂದರು. ನಮ್ಮ ಪಾದ್ರಿಗಳು ಕಥೆಯನ್ನ ಇಲ್ಲಿಗೇ ನಿಲ್ಲಿಸ್ತಾರೆ. ಇಲ್ಲಿಗೆ ನಿಲ್ಲಿಸಿದರೆ ಅದು ಸುಳ್ಳು. ಮಾರನೇ ದಿನ ಆ ಜನ ಬಸ್ಸು ಹತ್ತಲಿಲ್ಲ. ಒಟ್ಟು 381 ದಿನ ಹತ್ತಲಿಲ್ಲ. ಕೆಲಸಕ್ಕೆ ಹೋಗೋ ಹೆಂಗಸರು ಮೈಲಿಗಟ್ಟಲೆ ನಡೆದರು. ಕೋರ್ಟಿನಲ್ಲಿ ಬಡಿದಾಡಿದರು, ಗೆದ್ದರು, ಆಮೇಲೆ ಬೇಕಾದ ಸೀಟಿನಲ್ಲಿ ಕೂತರು. ಮುಂದೆ 1957ರಲ್ಲಿ ಅದೇ ಊರಿನ ತಮ್ಮ ಚರ್ಚಿನಲ್ಲಿ ವೈರಿಗಳ ಪ್ರೀತಿ ಕುರಿತೇ ಅವರು ಪ್ರಸಂಗ ಮಾಡಿದರು. ಅಗಾಪೆಯ ವಿಷಯ ಅಲ್ಲಿ ಬರುತ್ತೆ. ವೈರಿಯನ್ನ ಮೆಚ್ಚಬೇಕಾಗಿಲ್ಲ, ಮೆಚ್ಚೋದು ಬೇರೆ ಪ್ರೀತಿ ಬೇರೆ, ಅವನನ್ನ ನಾಶ ಮಾಡೋ ಅವಕಾಶ ಸಿಕ್ಕಾಗ ಮಾಡದಿರೋದು ಪ್ರೀತಿ, ಅವನು ಕಟ್ಟಿದ ಕೆಟ್ಟ ವ್ಯವಸ್ಥೆಯನ್ನ ಮಾತ್ರ ಉಳಿಸಬಾರದು ಅನ್ನೋ ಅರ್ಥದ ಮಾತು.

ಹಾಗಾಗಿ ಗೌಡನ ಮೇಲೆ ಕೇಸು ಹಾಕಿ. ಕೂಲಿ ಕೇಳಿ. ಅಟ್ರಾಸಿಟಿ ಕಾಯ್ದೆ ಇರೋದು ಅದಕ್ಕೇ. ಕ್ರೈಸ್ತ ಅಂತ ದಾಖಲಾದವನಿಗೆ ಆ ಕಾಯ್ದೆಯ ಬಾಗಿಲೂ ಮುಚ್ಚಿಬಿಡ್ತಾರೆ, ಅದರ ವಿರುದ್ಧ ನಿಮ್ಮೆಲ್ಲರ ದನಿ ನಮಗೆ ಬೇಕು. ಅವನ ಮಗ ನಾಳೆ ಹೊಳೆಗೆ ಬಿದ್ದರೆ ಎಳೆದು ಹಾಕಿ, ಎಳೆದು ಹಾಕಿದ ಕೈಯಲ್ಲೇ ಮತ್ತೆ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ. ಸುಮ್ಮನೆ ತಲೆ ಬಗ್ಗಿಸಿ ಒದೆಸಿಕೊಳ್ಳೋದಕ್ಕೆ ಪ್ರೀತಿ ಅಂತ ಹೆಸರಿಟ್ಟವರು ಒದೆಯೋರು, ಯೇಸು ಅಲ್ಲ.

ಗೌಡನ ವಿಷಯದಲ್ಲಿ ನಮಗೆ ಗೊಂದಲ ಇಲ್ಲ. ನಮಗೆ ಇನ್ನೂ ಕಷ್ಟವಾಗಿರೋದು ಆ ಎರಡು ಬೀದಿ ಆಚೆಯ ಮನೆ. ನಮ್ಮ ಮದುವೆಗಳು. ಇಲ್ಲಿ ಕೂತಿರೋ ನಾವು ಮೂವರೂ ಮದುವೆಯಾಗಿರೋದು ನಮ್ಮ ಬಲಗೈಯಲ್ಲೇ, ಚರ್ಚಿನಲ್ಲೇ, ಪ್ರೀತಿಯ ಅಧ್ಯಾಯ ಓದಿಸಿಯೇ. ಇದಕ್ಕೆ ಏನು ಹೇಳ್ತೀರಿ ಅಂತ ನೀವು ಚರ್ಚೆಯಲ್ಲಿ ಕೇಳಬೇಕು, ಕೇಳದೆ ಬಿಡಬೇಡಿ.

ಅಡುಗೆಯವರು ಎರಡು ಸಲ ಬಂದು ಇಣುಕಿ ಹೋದರು. ಮುದ್ದೆ ಆರುತ್ತಂತೆ. ಇವತ್ತು ಬಡಿಸೋ ಸರದಿ ನಮ್ಮದು. ಕಿಟಕಿ ಕಡೆ, ತೊಟ್ಟಿ ಕಡೆ ಅಂತ ಈ ಹಾಸ್ಟೆಲಿನಲ್ಲೂ ನಿನ್ನೆ ರಾತ್ರಿ ನಾವು ಕಂಡೆವು. ಪ್ರಶ್ನೆಗಳನ್ನ ಊಟ ಆದ ಮೇಲೆ ತಗೊಳ್ತೇವೆ.

ಜೈಭೀಮ್.